ಇಳಿವಯಸ್ಸಿನ ಪುರುಷರಲ್ಲಿ ಪಾನೀಯಗಳು ಮತ್ತು ಮೂತ್ರದ ತೊಂದರೆ

ಐವತ್ತು ವರ್ಷ ದಾಟಿದ ಪುರುಷರಲ್ಲಿ ಅನೇಕರು ರಾತ್ರಿ ಎರಡು ಮೂರು ಬಾರಿ ಮೂತ್ರವಿಸರ್ಜನೆಗಾಗಿ ಏಳಬೇಕಾಗುತ್ತದೆ. ಮೂತ್ರದ ಧಾರೆ ಕ್ಷೀಣಿಸುತ್ತದೆ, ಆರಂಭವಾಗಲು ತಡವಾಗುತ್ತದೆ, ವಿಸರ್ಜನೆಯ ಬಳಿಕವೂ ಇನ್ನೂ ಉಳಿದಿದೆ ಎನಿಸುತ್ತದೆ. ಇದನ್ನು ವಯೋಧರ್ಮವೆಂದು ಭಾವಿಸಿ, ಸಂಕೋಚದಿಂದ ಯಾರಿಗೂ ಹೇಳದೆ, ನೀರು ಕುಡಿಯುವುದನ್ನೇ ಕಡಿಮೆ ಮಾಡುವವರುಂಟು. ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮೀರುವ ಹೈದರಾಬಾದಿನಂತಹ ನಗರದಲ್ಲಿ ಈ ಉಪಾಯವು ಅಪಾಯಕರವಾದುದು. ನೀರಿನ ಒಟ್ಟು ಪ್ರಮಾಣವನ್ನು ಕಾಪಾಡಿಕೊಂಡು, ಪಾನೀಯದ ಬಗೆಯನ್ನೂ ಕುಡಿಯುವ ವೇಳೆಯನ್ನೂ ಬದಲಾಯಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಪ್ರಾಸ್ಟೇಟ್ ಗ್ರಂಥಿ

ಈ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದಿರುತ್ತದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಹಾರ್ಮೋನುಗಳ ಪ್ರಭಾವದಿಂದ ಹಿಗ್ಗಿ, ಹಲವರಲ್ಲಿ ಮೂತ್ರನಾಳವನ್ನು ಒತ್ತುತ್ತದೆ. ಈ ಸಾಮಾನ್ಯ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. ಆದರೆ ಮೂತ್ರವನ್ನು ಹೊರದೂಡಲು ಮೂತ್ರಕೋಶದ ಸ್ನಾಯುಗಳು ಹೆಚ್ಚು ಶ್ರಮಿಸಬೇಕಾಗುತ್ತದೆ. ಕಾಲಕ್ರಮದಲ್ಲಿ ಮೂತ್ರಕೋಶವು ಸ್ವಲ್ಪ ತುಂಬಿದರೂ ಕೆರಳುತ್ತದೆ. ಪಾನೀಯಗಳ ಪರಿಣಾಮ ಕಂಡುಬರುವುದು ಇಲ್ಲಿಯೇ. ಚಹಾ ಅಥವಾ ಕಾಫಿಯಿಂದ ಗ್ರಂಥಿ ಬೆಳೆಯುತ್ತದೆಂದು ಸಿದ್ಧಪಟ್ಟಿಲ್ಲ; ಯಾವುದೇ ಕಷಾಯ ಅಥವಾ ಹಣ್ಣಿನ ರಸದಿಂದ ಅದು ಕುಗ್ಗುತ್ತದೆಂದೂ ಸಿದ್ಧಪಟ್ಟಿಲ್ಲ. ಆದರೆ ಕೆರಳಿದ ಮೂತ್ರಕೋಶವನ್ನು ಕೆಲವು ಪಾನೀಯಗಳು ಮತ್ತಷ್ಟು ಕೆರಳಿಸುತ್ತವೆ.

ಚಹಾ ಮತ್ತು ಕಾಫಿ

ಇವುಗಳಲ್ಲಿರುವ ಕೆಫೀನ್ ಮೂತ್ರದ ಉತ್ಪತ್ತಿಯನ್ನು ಹೆಚ್ಚಿಸುವುದಲ್ಲದೆ ತಡೆಯಲಾಗದ ಅವಸರವನ್ನೂ ಉಂಟುಮಾಡಬಹುದು. ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಈ ನಗರಕ್ಕೆ ಬಂದಿತು. ಈ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ, 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬುದು ಅದರ ಸಲಹೆ.

ಇದನ್ನು ನಿತ್ಯಜೀವನಕ್ಕೆ ಅನ್ವಯಿಸಿ ನೋಡೋಣ. ಮನೆಯಲ್ಲಿ ಎರಡು ಲೋಟ ಡಿಕಾಕ್ಷನ್ ಕಾಫಿ, ಹೊರಗೆ ಗೆಳೆಯರೊಡನೆ ನಾಲ್ಕು ಕಪ್ ಇರಾನಿ ಚಹಾ ಸೇವಿಸುವವರ ದೇಹಕ್ಕೆ 280ರಿಂದ 500 ಮಿಲಿಗ್ರಾಂ ಕೆಫೀನ್ ಸೇರಬಹುದು. ದೇಹವು ಇದರಲ್ಲಿ ಅರ್ಧವನ್ನು ಕಳೆಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಚಹಾದ ಪ್ರಭಾವ ರಾತ್ರಿ ಹನ್ನೊಂದಕ್ಕೂ ಉಳಿದಿರುವುದು ಆಶ್ಚರ್ಯವಲ್ಲ. ಆದ್ದರಿಂದ ದಿನಕ್ಕೆ ಎರಡು ಮೂರು ಕಪ್ಪಿಗೆ ಮಿತಗೊಳಿಸಿ, ಕೊನೆಯದನ್ನು ಮಧ್ಯಾಹ್ನವೇ ಮುಗಿಸುವುದು ಲೇಸು. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರಬಹುದು. ಕ್ರಮೇಣ ಕಡಿಮೆ ಮಾಡಬೇಕು.

ಮದ್ಯ ಮತ್ತು ಸಿಹಿ ಪಾನೀಯ

ದೇಹದಲ್ಲಿ ನೀರನ್ನು ಉಳಿಸುವಂತೆ ಮೂತ್ರಪಿಂಡಗಳಿಗೆ ಸೂಚಿಸುವ ಹಾರ್ಮೋನನ್ನು ಮದ್ಯವು ತಗ್ಗಿಸುತ್ತದೆ. ಮೂತ್ರಕೋಶ ಬೇಗನೆ ತುಂಬುತ್ತದೆ. ಗ್ರಂಥಿ ಹಿಗ್ಗಿದವರಲ್ಲಿ ಒಮ್ಮೆಲೇ ಮೂತ್ರ ಕಟ್ಟಿಕೊಳ್ಳುವ ಸಂಭವವೂ ಉಂಟು. ಬಿಯರ್ ಅಥವಾ ಹೆಂಡ ಕುಡಿದರೆ ಮೂತ್ರದ ಕಲ್ಲು ಕರಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಸಕ್ಕರೆ ತುಂಬಿದ ತಂಪು ಪಾನೀಯಗಳಿಂದ ಮಧುಮೇಹ ಉಲ್ಬಣಿಸಿ ಮೂತ್ರದ ಪ್ರಮಾಣ ಹೆಚ್ಚುತ್ತದೆ. ಕೋಲಾಗಳಲ್ಲಿ ಕೆಫೀನ್ ಕೂಡ ಇದೆ.

ನೀರು ಮತ್ತು ಮಜ್ಜಿಗೆ

ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ. ಸೋಂಕು ಮತ್ತು ಕಲ್ಲುಗಳಿಗೆ ಅವಕಾಶವಾಗುತ್ತದೆ. ಮಲಬದ್ಧತೆಯುಂಟಾಗಿ ಮೂತ್ರವಿಸರ್ಜನೆ ಇನ್ನೂ ಕಷ್ಟವಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಲೀಟರ್ ನೀರು ಅಗತ್ಯ. ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ತಿಳಿಮಜ್ಜಿಗೆ, ರಾಗಿ ಅಂಬಲಿ, ಬಾರ್ಲಿ ನೀರು ಉತ್ತಮ. ರಕ್ತದೊತ್ತಡವಿರುವವರು ಉಪ್ಪನ್ನು ಮಿತಗೊಳಿಸಬೇಕು. ಹೆಚ್ಚಿನ ಭಾಗವನ್ನು ಬೆಳಗಿನಿಂದ ಸಂಜೆಯೊಳಗೆ ಸ್ವಲ್ಪ ಸ್ವಲ್ಪವಾಗಿ ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಬೇಕು. ಹೃದ್ರೋಗ ಅಥವಾ ಮೂತ್ರಪಿಂಡದ ರೋಗವಿರುವವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಮೂರು ದಿನದ ಲೆಕ್ಕ

ಕುಡಿದುದನ್ನೂ ವಿಸರ್ಜಿಸಿದ ಮೂತ್ರವನ್ನೂ ವೇಳೆಸಹಿತ ಮೂರು ದಿನ ಅಳೆದು ಬರೆದಿಡಿ. ಇಡೀ ದಿನದ ಮೂತ್ರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ, ಕಾರಣ ಗ್ರಂಥಿಯಲ್ಲದೆ ಹೃದಯದ ದೌರ್ಬಲ್ಯವೋ ಕಾಲಿನ ಬಾವೋ ಆಗಿರಬಹುದು. ಈ ಚೀಟಿಯು ವೈದ್ಯರಿಗೆ ಬಹಳ ಉಪಯುಕ್ತ.

ತಡಮಾಡಬೇಡಿ

ಮೂತ್ರದಲ್ಲಿ ರಕ್ತ, ಜ್ವರದೊಡನೆ ಉರಿ, ನಿದ್ರೆಯಲ್ಲಿ ಮೂತ್ರ ಸೋರುವುದು ಕಂಡುಬಂದರೆ ಕೂಡಲೇ ವೈದ್ಯರನ್ನು ಕಾಣಿರಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕು; ಆಗ ಹೆಚ್ಚು ನೀರು ಕುಡಿದರೆ ನೋವು ಬೆಳೆಯುತ್ತದೆ. ನೆಗಡಿಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದರಿಂದ ಅವುಗಳನ್ನು ಕೇಳದೆ ಸೇವಿಸಬಾರದು. ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆ ಮತ್ತು ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳಲ್ಲಿ ಮೂತ್ರರೋಗ ವಿಭಾಗಗಳಿವೆ. ಅನೇಕರಿಗೆ ಮಾತ್ರೆಗಳೇ ಸಾಕಾಗುತ್ತವೆ. ಅಗತ್ಯವಿದ್ದವರಿಗೆ ಮೂತ್ರನಾಳದ ಮೂಲಕವೇ ಶಸ್ತ್ರಚಿಕಿತ್ಸೆ ಮಾಡಬಹುದು.

ಮನೆಯ ಹಿರಿಯರು ನೀರಿನ ಲೋಟವನ್ನು ದೂರ ಸರಿಸುತ್ತಿದ್ದರೆ ಕಾರಣವನ್ನು ಸಂಕೋಚವಿಲ್ಲದೆ ವಿಚಾರಿಸಿರಿ. ಚಿಕಿತ್ಸೆ ಇರುವ ತೊಂದರೆಯನ್ನು ಬಾಯಾರಿಕೆಯಿಂದ ಸಹಿಸಬೇಕಾಗಿಲ್ಲ.