ಕೆರೆ ಬಯಲಾಗುವ ಬಗೆ

ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ. ಇವುಗಳಲ್ಲಿ ಅನೇಕ ಕೆರೆಗಳು ಹೂಳು ತುಂಬಿ, ಜೊಂಡು ಬೆಳೆದು, ಅಂಗಳದಲ್ಲಿ ಜಾಲಿ ಹಬ್ಬಿ ನಿಂತಿವೆ. ಇದು ಒಂದೇ ವರ್ಷದಲ್ಲಿ ಆದ ಹಾನಿಯಲ್ಲ. ಒಂದು ಸ್ಥಳದ ಸಸ್ಯ ಮತ್ತು ಪ್ರಾಣಿ ಸಮುದಾಯವು ಕಾಲಕ್ರಮದಲ್ಲಿ ಬದಲಾಗಿ, ಅದರ ಜಾಗಕ್ಕೆ ಬೇರೊಂದು ಸಮುದಾಯವು ಬರುವುದಕ್ಕೆ ಅನುಕ್ರಮಣ ಎಂದು ಹೆಸರು. ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು. ಕೆರೆ ಬಯಲಾಗುವುದು ಇದಕ್ಕೆ ಕಣ್ಣೆದುರಿನ ಉದಾಹರಣೆ.

ಬದಲಾವಣೆಯ ಹಂತಗಳು

ಹೊಸ ಕೆರೆಯಲ್ಲಿ ಮೊದಲು ನೆಲೆಸುವುವು ಪಾಚಿ ಹಾಗೂ ಸೂಕ್ಷ್ಮಜೀವಿಗಳು. ಇವು ಸತ್ತು ತಳ ಸೇರಿ, ಹರಿದುಬಂದ ಮಣ್ಣಿನೊಡನೆ ಕೆಸರಾಗುತ್ತವೆ. ಈ ಕೆಸರಿನಲ್ಲಿ ಹೈಡ್ರಿಲ್ಲದಂತಹ ಮುಳುಗುಸಸ್ಯಗಳು ಬೇರೂರಿ ಇನ್ನಷ್ಟು ಹೂಳನ್ನು ಹಿಡಿಯುತ್ತವೆ. ಆಳ ಕಡಿಮೆಯಾದಂತೆ ತಾವರೆ, ನೈದಿಲೆಗಳು ಬರುತ್ತವೆ. ಇವುಗಳ ತೇಲುವ ಎಲೆಗಳು ಬಿಸಿಲನ್ನು ತಡೆಯುವುದರಿಂದ ಕೆಳಗಿನ ಗಿಡಗಳು ಸಾಯುತ್ತವೆ. ಮೊಣಕಾಲುದ್ದ ನೀರಿರುವಲ್ಲಿ ಜೊಂಡು ಹಬ್ಬುತ್ತದೆ. ಅದರ ಗೆಡ್ಡೆಬೇರು ಕೆಸರನ್ನು ಕಟ್ಟಿಹಾಕುತ್ತದೆ. ಬಳಿಕ ಜೇಕು ಮತ್ತು ಹುಲ್ಲು, ನೆಲ ಒಣಗಿದ ಮೇಲೆ ಜಾಲಿ.

ಹೀಗೆ ಪ್ರತಿ ಹಂತದ ಸಸ್ಯವೂ ನೆಲವನ್ನು ಎತ್ತರಿಸಿ, ಆ ಜಾಗವನ್ನು ತನಗೇ ಒಗ್ಗದಂತೆ ಮಾಡಿ, ಮುಂದಿನದಕ್ಕೆ ಎಡೆಮಾಡಿಕೊಡುತ್ತದೆ. ಆದರೆ ಈ ಕ್ರಮ ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಬೇಸಿಗೆಯಲ್ಲಿ ಬತ್ತುವ ಕೆರೆಗಳಲ್ಲಿ ಹಂತಗಳು ಒಂದರೊಳಗೊಂದು ಬೆರೆತಿರುತ್ತವೆ.

ವೇಗ ಹೆಚ್ಚಲು ಕಾರಣ

ಆಳವಾದ ಸಹಜ ಸರೋವರ ತುಂಬಲು ಸಾವಿರಾರು ವರ್ಷ ಬೇಕಾಗಬಹುದು. ಕೆರೆಗೆ ಕೆಲವು ದಶಕಗಳೇ ಸಾಕು. ಜಲಾನಯನ ಪ್ರದೇಶದ ಮಣ್ಣಿನ ಕೊಚ್ಚಣೆ ಇದಕ್ಕೆ ಮುಖ್ಯ ಕಾರಣ. ಊರಿನ ಕೊಳಚೆ ಹಾಗೂ ಹೊಲಗಳಿಂದ ಹರಿದುಬರುವ ಗೊಬ್ಬರದ ಸಾರಜನಕ, ರಂಜಕಗಳು ಜಲಕಳೆಗಳನ್ನು ಕೊಬ್ಬಿಸುತ್ತವೆ. ದಕ್ಷಿಣ ಅಮೆರಿಕ ಮೂಲದ ನೀರು ಹಯಸಿಂತ್ ಇದರಿಂದಲೇ ಬೇಗ ಹರಡುತ್ತದೆ.

ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿದ್ದ ಈ ಕೆಲಸವೇ ಕೆರೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ದು, ಅದನ್ನು ಕೆರೆಯಾಗಿ ಉಳಿಸುತ್ತಿತ್ತು. ಗೋಡು ಹೊಡೆಯುವುದು ನಿಂತಲ್ಲಿ ಅನುಕ್ರಮಣ ತಡೆಯಿಲ್ಲದೆ ಮುಂದುವರಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಕೆರೆ ಬತ್ತಿದಾಗ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು ಎಲ್ಲರೂ ಸೇರಿ ಗೋಡು ತೆಗೆಯಬೇಕು. ಏರಿಯ ಬುಡವನ್ನು ಅಗೆಯಬಾರದು.

2. ಗೋಡನ್ನು ಮರಳುಮಿಶ್ರಿತ ಕೆಂಪುಭೂಮಿಗೆ ಹಾಕುವುದು ಲೇಸು. ಅದರಿಂದ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಜೇಡಿಭೂಮಿಗೆ ಹೆಚ್ಚು ಹಾಕಬಾರದು.

3. ಕೊಳಚೆ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಗೋಡನ್ನು ಪರೀಕ್ಷಿಸದೆ ಬಳಸಬಾರದು.

4. ಜೊಂಡನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ಯಬೇಕು. ಆಗ ಬೇರಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ.

5. ಕಾಲುವೆ ಬಂದು ಸೇರುವ ಮೂಲೆಯಲ್ಲಿ ಮಾತ್ರ ಸ್ವಲ್ಪ ಜೊಂಡನ್ನು ಬಿಡಬೇಕು. ಅದು ಹೂಳನ್ನು ತಡೆಯುತ್ತದೆ, ಹಕ್ಕಿಗಳಿಗೂ ಆಸರೆ.

6. ಜಲಾನಯನ ಪ್ರದೇಶದಲ್ಲಿ ಬದು ಹಾಕಿ, ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಬದುಗಳ ಮೇಲೆ ಹುಲ್ಲು ಬೆಳೆಸಬೇಕು.

ಕೊನೆಯ ಕ್ರಮವೇ ಮುಖ್ಯ. ಮೇಲಿನ ಹೊಲದ ಮಣ್ಣು ಮೇಲೆಯೇ ನಿಲ್ಲದಿದ್ದರೆ, ಎಷ್ಟು ಬಾರಿ ಹೂಳು ತೆಗೆದರೂ ಕೆರೆ ಮತ್ತೆ ಬಯಲಾಗುತ್ತದೆ.