ಪಾದಚಾರಿಯ ಹಕ್ಕು: ಮಾರ್ಗಾಪಘಾತದಲ್ಲಿ ಹೊಣೆ ಮತ್ತು ಪರಿಹಾರ

ಮಾರ್ಗವು ಮೊದಲು ನಡೆಯುವವನದು. ಬಂಡಿ, ಮೋಟಾರುಗಳು ಅದರ ಮೇಲೆ ಅನಂತರ ಬಂದವು. ಆದರೂ ಇಂದು ಮಾರ್ಗದಲ್ಲಿ ಅತ್ಯಂತ ಅರಕ್ಷಿತನಾದವನು ಪಾದಚಾರಿಯೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅಂದರೆ ಸರಿಸುಮಾರು ಐವರಲ್ಲಿ ಒಬ್ಬರು. ಇವರಲ್ಲಿ ದುಡಿದು ಮನೆ ನಡೆಸುವವರೂ ಶಾಲೆಗೆ ಹೊರಟ ಮಕ್ಕಳೂ ಸೇರಿರುತ್ತಾರೆ. ಇಂತಹ ಕುಟುಂಬಗಳಿಗೆ ಕಾನೂನು ಏನನ್ನು ಕೊಡುತ್ತದೆ, ಅದನ್ನು ಪಡೆಯುವುದು ಹೇಗೆ ಎಂಬುದನ್ನು ಅಧ್ಯಾಪಕರೂ ಪೋಷಕರೂ ಅರಿತಿರುವುದು ಅಗತ್ಯ. ಏಕೆಂದರೆ ಕಾನೂನಿನಲ್ಲಿ ಇರುವ ಹಕ್ಕು ಕೇಳದವನ ಮನೆ ಬಾಗಿಲಿಗೆ ತಾನಾಗಿ ಬರುವುದಿಲ್ಲ.

ಪ್ರಾಚೀನರ ವಿಚಾರ

ವಾಹನದಿಂದಾದ ಹಾನಿಯ ವಿಚಾರ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದರ ಪ್ರಸ್ತಾಪವುಂಟು. ಎತ್ತಿನ ಮೂಗುದಾರ ಹರಿದೋ ನೊಗ ಮುರಿದೋ ಬಂಡಿ ಕೈಮೀರಿ ಹಾನಿಯಾದರೆ ಒಡೆಯನಿಗೆ ದೋಷವಿಲ್ಲ; ‘ದೂರ ಸರಿ’ ಎಂದು ಕೂಗಿ ಎಚ್ಚರಿಸಿದವನಿಗೂ ದೋಷವಿಲ್ಲ. ಆದರೆ ಕೋಡುಳ್ಳ ಅಥವಾ ಕೋರೆಯುಳ್ಳ ತನ್ನ ಪ್ರಾಣಿಯ ಹಿಡಿತಕ್ಕೆ ಸಿಕ್ಕವನನ್ನು ಶಕ್ತನಾಗಿದ್ದೂ ಬಿಡಿಸದ ಒಡೆಯನು ದಂಡಾರ್ಹ. ಸಿಕ್ಕವನು ಮೊರೆಯಿಟ್ಟರೂ ಸುಮ್ಮನಿದ್ದರೆ ದಂಡ ಇಮ್ಮಡಿ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಇದ್ದವನೆಂಬುದು ಸ್ಮರಣೀಯ.

ಇಂದಿನ ಕಾನೂನು ಇದರಲ್ಲಿ ಒಂದನ್ನು ಉಳಿಸಿಕೊಂಡು ಒಂದನ್ನು ಬಿಟ್ಟಿದೆ. ಗಾಯಗೊಂಡವನಿಗೆ ಚಿಕಿತ್ಸೆ ದೊರಕಿಸಲು ಯತ್ನಿಸುವುದು ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 134ನೆಯ ಕಲಮು ವಿಧಿಸುತ್ತದೆ. ಆದರೆ ಕೂಗಿದ ಮಾತ್ರಕ್ಕೆ, ಅಂದರೆ ಹಾರ್ನ್ ಬಾರಿಸಿದ ಮಾತ್ರಕ್ಕೆ, ಚಾಲಕನು ಹೊಣೆಯಿಂದ ಪಾರಾಗುವುದಿಲ್ಲ. ಎದುರಿಗಿರುವವರು ವೃದ್ಧರೋ ಬಾಲಕರೋ ಎಂಬುದನ್ನು ನೋಡಿ ವೇಗವನ್ನು ತಗ್ಗಿಸುವುದು ಅವನ ಹೊಣೆ.

ಹೊಣೆ ಯಾರದು?

ಅಪಘಾತದಿಂದ ಎರಡು ಬಗೆಯ ವ್ಯವಹಾರಗಳು ಹುಟ್ಟುತ್ತವೆ. ಮೊದಲನೆಯದು ದಂಡನೆಯದು. ನಿರ್ಲಕ್ಷ್ಯದಿಂದ ಮರಣವುಂಟುಮಾಡಿದ ಚಾಲಕನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಐದು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ಎರಡನೆಯದು ಪರಿಹಾರದ್ದು. ಇವೆರಡೂ ಬೇರೆ ಬೇರೆ. ಚಾಲಕನು ದಂಡನೆಯಿಂದ ಬಿಡುಗಡೆ ಹೊಂದಿದರೂ ಪರಿಹಾರದ ಹಕ್ಕು ತಾನಾಗಿ ಬಿದ್ದುಹೋಗುವುದಿಲ್ಲ. ಪರಿಹಾರದಲ್ಲಿ ಸಂದೇಹಾತೀತ ಪ್ರಮಾಣ ಬೇಕಿಲ್ಲ, ಸಂಭವನೀಯತೆಯ ತೂಕವೇ ಸಾಕು.

ಪರಿಹಾರದ ಹೊಣೆ ಚಾಲಕನ ಮೇಲೂ ಒಡೆಯನ ಮೇಲೂ ಬೀಳುತ್ತದೆ. ಮೂರನೆಯವರ ಹಾನಿಗಾಗಿ ವಿಮೆ ಮಾಡಿಸುವುದು ಕಡ್ಡಾಯವಾದ್ದರಿಂದ ಸಾಮಾನ್ಯವಾಗಿ ಹಣ ಕೊಡಬೇಕಾದದ್ದು ವಿಮಾ ಕಂಪೆನಿ.

ಹಿಂದೆ ಚಾಲಕನ ತಪ್ಪನ್ನು ರುಜುವಾತುಪಡಿಸದ ಹೊರತು ಬಿಡಿಗಾಸೂ ದೊರೆಯುತ್ತಿರಲಿಲ್ಲ. 1982ರ ತಿದ್ದುಪಡಿಯು ಮೊದಲ ಬಾರಿಗೆ ತಪ್ಪಿನ ವಿಚಾರವಿಲ್ಲದೆ ಮರಣಕ್ಕೆ 15,000 ರೂಪಾಯಿಗಳನ್ನು ಗೊತ್ತುಮಾಡಿತು. 1987ರಲ್ಲಿ ಗುಜರಾತಿನ ಬಾಲಕನೊಬ್ಬನ ಮರಣದ ಮೊಕದ್ದಮೆಯಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ತನ್ನ ತಪ್ಪಿಲ್ಲದೆ ಮೋಟಾರಿಗೆ ಸಿಕ್ಕ ಪಾದಚಾರಿಗೆ ಪರಿಹಾರ ದೊರೆಯದಿದ್ದರೆ ಸಾಮಾಜಿಕ ನ್ಯಾಯಕ್ಕೆ ಅರ್ಥವಿಲ್ಲವೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಕನ್ನಡ ನಾಡಿನವರಾದ ಅವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು.

ಪರಿಹಾರದ ಮೂರು ದಾರಿಗಳು

ಇಂದು ಮೂರು ದಾರಿಗಳಿವೆ. ಒಂದು, 164ನೆಯ ಕಲಮಿನದು. ಇಲ್ಲಿ ತಪ್ಪನ್ನು ಸಾಧಿಸಬೇಕಿಲ್ಲ. ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಎರಡು, 166ನೆಯ ಕಲಮಿನದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿರ್ಲಕ್ಷ್ಯವನ್ನು ತೋರಿಸಿ ನಷ್ಟಕ್ಕೆ ತಕ್ಕ ನ್ಯಾಯವಾದ ಮೊತ್ತವನ್ನು ಕೇಳಬಹುದು. ಮೊದಲನೆಯದನ್ನು ಸ್ವೀಕರಿಸಿದವರಿಗೆ ಎರಡನೆಯದು ಉಳಿಯುವುದಿಲ್ಲವಾದ್ದರಿಂದ ವಿಚಾರ ಮಾಡಿ ಆರಿಸಿಕೊಳ್ಳಬೇಕು. ಮೂರು, ಗುದ್ದಿದ ವಾಹನ ಪರಾರಿಯಾಗಿ ಗುರುತೇ ಸಿಗದಿದ್ದಾಗಿನದು. ಆಗಲೂ 2022ರ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಇದಕ್ಕೆ ತಹಸೀಲ್ದಾರರಂತಹ ಕಂದಾಯಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ‘ಗಾಡಿ ಸಿಗಲಿಲ್ಲ, ಇನ್ನೇನು ಮಾಡುವುದು’ ಎಂದು ಕೈಚೆಲ್ಲುವ ಕುಟುಂಬಗಳಿಗೆ ಈ ದಾರಿಯನ್ನು ತಿಳಿಸುವುದು ದೊಡ್ಡ ಉಪಕಾರ.

ನ್ಯಾಯಮಂಡಳಿಗೆ ಅಪಘಾತವಾದ ಊರಿನಲ್ಲಿಯೇ ಅರ್ಜಿ ಸಲ್ಲಿಸಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರನು ವಾಸಿಸುವ ಪ್ರದೇಶದ ಮಂಡಳಿಯಲ್ಲಿಯೂ ಸಲ್ಲಿಸಬಹುದು. ಆದರೆ 2019ರ ತಿದ್ದುಪಡಿಯು ಆರು ತಿಂಗಳ ಅವಧಿಯನ್ನು ಗೊತ್ತುಮಾಡಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆಯಾದರೂ, ಅವಧಿಯೊಳಗೆ ಸಲ್ಲಿಸುವುದೇ ವಿವೇಕ. ಪೊಲೀಸ್ ದೂರಿನ ಪ್ರತಿ, ಮಹಜರು, ಆಸ್ಪತ್ರೆಯ ದಾಖಲೆ ಮತ್ತು ಬಿಲ್ಲುಗಳು, ವಯಸ್ಸು ಹಾಗೂ ಆದಾಯದ ಆಧಾರಗಳು, ಇವುಗಳನ್ನು ಮೊದಲ ದಿನದಿಂದಲೇ ಕೂಡಿಡಬೇಕು.

ಮೊತ್ತದ ನಿರ್ಣಯ

ಮರಣದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಲೆಕ್ಕದ ಕ್ರಮವನ್ನು ಸ್ಥಿರಪಡಿಸಿದೆ. ಒಂದು ಕಲ್ಪಿತ ದೃಷ್ಟಾಂತವನ್ನು ನೋಡಬಹುದು. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 38 ವರ್ಷದ ಕೂಲಿಕಾರ. ಅವನನ್ನು ಅವಲಂಬಿಸಿದವರು ತಾಯಿ, ಹೆಂಡತಿ, ಇಬ್ಬರು ಮಕ್ಕಳು. ವಯಸ್ಸು ನಲವತ್ತರ ಒಳಗಿರುವುದರಿಂದ ಭವಿಷ್ಯದ ಏಳಿಗೆಗಾಗಿ ಶೇಕಡ 40 ಸೇರಿ 21,000 ಆಗುತ್ತದೆ. ಅವನ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 15,750, ವರ್ಷಕ್ಕೆ 1,89,000. ಈ ವಯಸ್ಸಿಗೆ ಗೊತ್ತಾದ ಗುಣಕ 15. ಗುಣಿಸಿದರೆ 28,35,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದವುಗಳ ಮೊತ್ತ ಬೇರೆ.

ಸಂಬಳದ ಚೀಟಿ ಇಲ್ಲದವರ ದುಡಿಮೆಗೆ ಬೆಲೆಯಿಲ್ಲವೆಂದು ಭಾವಿಸಬಾರದು. ಗೃಹಿಣಿಯ ಮನೆಗೆಲಸಕ್ಕೂ ಹಣದ ಮೌಲ್ಯವನ್ನು ಕಟ್ಟಲೇಬೇಕೆಂದು 2001 ಮತ್ತು 2010ರ ತೀರ್ಪುಗಳು ಎತ್ತಿಹಿಡಿದಿವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿಗೆ ಇದು ಸಮ್ಮತವಾದ ಮಾತೇ ಆಗಿದೆ.

ನಡೆಯುವವನ ಎಚ್ಚರ

ಪಾದಚಾರಿಗೂ ಕರ್ತವ್ಯವುಂಟು. ಅಪಘಾತಕ್ಕೆ ಅವನ ನಿರ್ಲಕ್ಷ್ಯವೂ ಕಾರಣವೆಂದು ಮಂಡಳಿ ಕಂಡರೆ ಆ ಪ್ರಮಾಣದಲ್ಲಿ ಪರಿಹಾರ ಕಡಿಮೆಯಾಗುತ್ತದೆ. ಮೇಲಿನ ದೃಷ್ಟಾಂತದಲ್ಲಿ ಅವನ ಪಾಲು ಶೇಕಡ 20 ಎಂದಾದರೆ 5,67,000 ರೂಪಾಯಿ ಕುಟುಂಬದ ಕೈತಪ್ಪುತ್ತದೆ. ಎಳೆಯ ಮಕ್ಕಳ ಮೇಲೆ ಮಾತ್ರ ನ್ಯಾಯಾಲಯಗಳು ಸಾಮಾನ್ಯವಾಗಿ ಇಂತಹ ದೋಷವನ್ನು ಹೊರಿಸುವುದಿಲ್ಲ. ನಡೆಯಲು ಯೋಗ್ಯವಾದ ಕಾಲುದಾರಿಯೇ ಇಲ್ಲದೆಡೆ ಎಲ್ಲ ತಪ್ಪನ್ನೂ ನಡೆಯುವವನಿಗೆ ಹೊರಿಸುವುದು ಧರ್ಮವಲ್ಲ. ಕಾಲುದಾರಿಯ ಬಳಕೆ ಸಂವಿಧಾನದ 21ನೆಯ ಅನುಚ್ಛೇದದೊಳಗಣ ಹಕ್ಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ವಿದ್ಯಾಸಂಸ್ಥೆಗಳ ಕರ್ತವ್ಯ

‘ಪರಿಹಾರ’ ಎಂಬ ಪದದ ಮೂಲಾರ್ಥ ತೊಲಗಿಸುವಿಕೆ. ಮಡಿದವನ ಅಗಲಿಕೆಯನ್ನು ಯಾವ ಮೊತ್ತವೂ ತೊಲಗಿಸಲಾರದು. ಅವನನ್ನು ನಂಬಿದವರ ಹಸಿವನ್ನು, ಮಕ್ಕಳು ಓದು ಬಿಡುವ ದುರ್ಗತಿಯನ್ನು ತೊಲಗಿಸಬಹುದು. ಆದುದರಿಂದ ಇದು ಯಾಚನೆಯಲ್ಲ, ಹಕ್ಕು. ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇಂತಹ ವಿಪತ್ತು ಸಂಭವಿಸಿದಾಗ ಅಧ್ಯಾಪಕರು ಕಾಗದಪತ್ರಗಳನ್ನು ಒದಗಿಸಿಕೊಡುವುದು, ವಕೀಲರಾದ ಹಳೆಯ ವಿದ್ಯಾರ್ಥಿಗಳು ಅವಧಿಯೊಳಗೆ ಅರ್ಜಿ ಬರೆದುಕೊಡುವುದು, ದಾನಿಗಳು ಪರಿಹಾರ ಕೈಸೇರುವವರೆಗೆ ಆ ಮಗುವಿನ ಓದನ್ನು ನಡೆಸುವುದು, ಇವು ದಾಸೋಹದ ಅಂಗಗಳೇ ಸರಿ. ಶಾಲೆಯ ಬಾಗಿಲಲ್ಲಿ ವಾಹನವನ್ನು ನಿಧಾನಿಸುವವನೂ ಅದೇ ಸೇವೆಯಲ್ಲಿ ಪಾಲುಗೊಂಡವನು.