ಹಳೇ ಮಿಯಾಟಾ ಕೊಂಡ ಅಳಿಯನಿಗೆ

ಅಳಿಯಾ, ನೀನು 1992ರ ಮಜ್ದಾ ಮಿಯಾಟಾ ಕೊಂಡ ಸುದ್ದಿ ನಿಮ್ಮಮ್ಮನಿಂದ ತಿಳಿಯಿತು. ‘ಎರಡೇ ಸೀಟು, ಮೇಲೆ ಬಟ್ಟೆ ಹೊದಿಕೆ, ವಯಸ್ಸು ಅವನಿಗಿಂತ ಜಾಸ್ತಿ’ ಅಂತ ಅವಳ ದೂರು. ನನಗೇನೋ ಖುಷಿಯೇ ಆಯಿತು. ಆದರೆ ಹೊಸ ಸಂಬಳದ ಹುರುಪಿನಲ್ಲಿ ಹದಿನೇಳು ಇಂಚಿನ ರಿಮ್ಮು, ಕಾರನ್ನು ನೆಲಕ್ಕೆ ಕುಕ್ಕುವ ಕಾಯಿಲ್‌ಓವರ್ ಕಿಟ್ಟು ಅಂತ ಪಟ್ಟಿ ಮಾಡಿಕೊಂಡಿದ್ದೀಯಂತೆ. ಆ ಪಟ್ಟಿ ಸ್ವಲ್ಪ ದಿನ ಪಕ್ಕಕ್ಕಿರಲಿ. ಮೊದಲು ಸವೆದದ್ದನ್ನು ಸರಿ ಮಾಡು. ಹೊಸದು ಹಾಕುವ ಮಾತು ಆಮೇಲೆ.

1989ರಲ್ಲಿ ಶಿಕಾಗೊ ಆಟೊ ಷೋನಲ್ಲಿ ಈ ಕಾರು ಕಾಣಿಸಿಕೊಂಡಾಗ ಅದರ ತೂಕ ಒಂದು ಟನ್ನೂ ಇರಲಿಲ್ಲ. ಎಂಜಿನ್ 1.6 ಲೀಟರಿನದು, 116 ಅಶ್ವಶಕ್ತಿ. ನೇರ ರಸ್ತೆಯಲ್ಲಿ ನಿನ್ನ ಆಫೀಸಿನವರ ಫ್ಯಾಮಿಲಿ ಕಾರುಗಳೂ ಇದನ್ನು ಹಿಂದೆ ಹಾಕುತ್ತವೆ, ಅದಕ್ಕೆ ಬೇಜಾರು ಬೇಡ. ಇದರ ಸೊಗಸೆಲ್ಲ ತಿರುವಿನಲ್ಲಿದೆ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಕೊಟ್ಟಿದ್ದಾರೆ. ಮೇಲೊಂದು ಕೆಳಗೊಂದು ತೋಳು ಹಿಡಿದುಕೊಂಡಿರುವುದರಿಂದ ಕಾರು ವಾಲಿದರೂ ಟೈರು ಆದಷ್ಟು ಮಟ್ಟಸವಾಗಿ ರಸ್ತೆಗೆ ಒತ್ತಿಕೊಂಡಿರುತ್ತದೆ. ಆ ತೋಳುಗಳ ಕೀಲಿನಲ್ಲಿರುವ ಮೂವತ್ತು ವರ್ಷ ಹಳೆಯ ರಬ್ಬರ್ ಬುಶ್‌ಗಳು ಒಡೆದು, ಶಾಕುಗಳು ಸತ್ತುಹೋಗಿದ್ದರೆ ಆ ಎಂಜಿನಿಯರುಗಳ ಕೆಲಸವನ್ನು ನೀನಿನ್ನೂ ಕಂಡೇ ಇಲ್ಲ ಅಂತ ಲೆಕ್ಕ.

ಟೈರಿನಿಂದ ಶುರು ಮಾಡು. ಟೈರಿನ ಪಕ್ಕದ ಮೇಲೆ ಡಿಓಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೇ ನಾಲ್ಕು ಅಂಕಿ ಓದು. 2313 ಅಂತಿದ್ದರೆ ಅದು 2013ರ 23ನೇ ವಾರ ತಯಾರಾದದ್ದು. ವಾರಕ್ಕೊಮ್ಮೆ ಹೊರಬರುವ ಇಂಥ ಕಾರುಗಳಲ್ಲಿ ಟೈರಿನ ಹಲ್ಲು ಸವೆದಿರುವುದಿಲ್ಲ, ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ. ನೋಡಲು ಹೊಸದು, ಮಳೆ ಬಂದರೆ ಜಾರುತ್ತದೆ. ಹತ್ತು ವರ್ಷ ದಾಟಿದ್ದನ್ನು ಹಲ್ಲು ನೋಡದೆ ಬಿಸಾಕು.

ಈ ಕಾರಿನ ಟೈರಿನ ಮೂಲ ಅಳತೆ 185/60 ಆರ್14. ಹದಿನಾಲ್ಕು ಇಂಚಿನಲ್ಲಿ ಒಳ್ಳೇ ಟೈರು ಸಿಗುವುದು ಈಗ ಕಷ್ಟ. ಹದಿನೈದಕ್ಕೆ ಹೋಗು, 195/50 ಆರ್15 ಹಾಕಿಸು. ಮೊದಲಿನದರ ಹೊರವ್ಯಾಸ 578 ಮಿಲಿಮೀಟರ್, ಇದರದ್ದು 576. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಚಕ್ರ ಎಲ್ಲೂ ಉಜ್ಜುವುದಿಲ್ಲ. ರಿಮ್ಮಿಗೆ ಹೊಸ ದುಡ್ಡು ಬೇಡ. ಎರಡನೇ ತಲೆಮಾರಿನ ಮಿಯಾಟಾದ ಹದಿನೈದು ಇಂಚಿನ ರಿಮ್ಮುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ, ಅವೂ ನಾಲ್ಕು ನಟ್ಟಿನವೇ, ನೇರ ಕೂರುತ್ತವೆ. ಹದಿನೇಳರ ರಿಮ್ಮು ಈ ಪುಟ್ಟ ಕಾರಿಗೆ ಮಗುವಿನ ಕಾಲಿಗೆ ತೊಡಿಸಿದ ಗಂಬೂಟು. ಚಕ್ರದ ತೂಕ ಹೆಚ್ಚಿದಷ್ಟೂ ಶಾಕಿಗೆ ಅದನ್ನು ಹಿಡಿದು ನಿಲ್ಲಿಸುವ ಕೆಲಸ ಹೆಚ್ಚು.

ಮಿಶಿಗನ್ನಿನಲ್ಲಿದ್ದೀಯ, ಇನ್ನೊಂದು ಮಾತು. ಸಮ್ಮರ್ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಕಾರು ಹೊರಗೆ ತೆಗೆಯದಿದ್ದರೆ ಸಮ್ಮರ್ ಟೈರು ಸರಿ, ಇಲ್ಲವೆಂದರೆ ಆಲ್‌ಸೀಸನ್. ತೆಗೆಯದಿದ್ದರೇ ಒಳ್ಳೆಯದು. ಹಿಮಕ್ಕೆ ಸುರಿಯುವ ಉಪ್ಪು ಅಡಿಭಾಗವನ್ನೇ ತಿಂದುಹಾಕುತ್ತದೆ. ಇನ್ನು ಟೈರಿನ ಗಾಳಿಗೆ ಕಂಪನಿ ಹೇಳಿದ ಒತ್ತಡ 26 ಪಿಎಸ್‌ಐ. ಟೈರ್ ಅಂಗಡಿಯವರು ಅಭ್ಯಾಸಬಲದಿಂದ 35 ತುಂಬಿ ಕಳಿಸುತ್ತಾರೆ, ಮನೆಗೆ ಬಂದು ಇಳಿಸು.

ಆಮೇಲೆ ಬುಶ್. ಪಾಲಿಯುರೆಥೇನ್ ಹಾಕಿಸು ಅಂತ ಹತ್ತು ಜನ ಹೇಳುತ್ತಾರೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ರಬ್ಬರೇ ಸಾಕು, ಕಿರ್‌ಗುಟ್ಟುವುದೂ ಇಲ್ಲ. ಹಾಕುವಾಗ ತೋಳಿನ ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಜ್ಯಾಕಿನ ಮೇಲೆ ನೇತಾಡುವಾಗ ಬಿಗಿದರೆ ಇಳಿಸಿದ ಕ್ಷಣವೇ ರಬ್ಬರು ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳು ಇದನ್ನು ಮಾಡುವುದಿಲ್ಲ, ನೀನೇ ಎದುರು ನಿಂತು ಕೇಳು.

ಶಾಕ್ ಮೇಲೆ ಎಣ್ಣೆ ಒಸರಿದ್ದರೆ ಯೋಚನೆಯೇ ಬೇಡ, ನಾಲ್ಕನ್ನೂ ಬದಲಿಸು. ಕೈ ಬಿಗಿಯಿದ್ದರೆ ಕೆವೈಬಿ, ಸ್ವಲ್ಪ ಸಡಿಲವಿದ್ದರೆ ಬಿಲ್‌ಸ್ಟೀನ್ ಅಥವಾ ಕೋನಿ. ಹಳೇ ಸ್ಪ್ರಿಂಗು ಮುರಿದಿಲ್ಲವಾದರೆ ಅದನ್ನೇ ಇಟ್ಟುಕೋ. ಅಗ್ಗದ ಲೋವರಿಂಗ್ ಸ್ಪ್ರಿಂಗು ಮಾತ್ರ ಬೇಡವೇ ಬೇಡ ಮಾರಾಯ. ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡಲು ಇರುವ ಜಾಗವೇ ಕಡಿಮೆ. ಇನ್ನೂ ಇಳಿಸಿದರೆ ಪ್ರತಿ ಗುಂಡಿಗೂ ಅದರ ಕೊನೆಯ ತಡೆಯಾದ ಬಂಪ್‌ಸ್ಟಾಪಿಗೆ ಬಡಿಯುತ್ತದೆ, ತಿರುವಿನ ಮಧ್ಯೆ ಬಡಿದರೆ ಹಿಡಿತ ತಟ್ಟನೆ ತಪ್ಪುತ್ತದೆ.

ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ ಕೊಡುವುದು ವೀಲ್ ಅಲೈನ್‌ಮೆಂಟ್. ಮಿಯಾಟಾದಲ್ಲಿ ನಾಲ್ಕೂ ಚಕ್ರದ ಕೋನ ತಿದ್ದಬಹುದು. ತಿದ್ದುವ ಕ್ಯಾಮ್ ಬೋಲ್ಟುಗಳು ತುಕ್ಕಿಗೆ ಕಚ್ಚಿಕೊಂಡಿರುತ್ತವೆ, ಒಂದು ವಾರ ಮೊದಲಿಂದಲೇ ತುಕ್ಕು ಸಡಿಲಿಸುವ ಎಣ್ಣೆ ಬಿಡು. ‘ಎಲ್ಲಾ ಹಸಿರು ಗೆರೆಯೊಳಗಿದೆ ಸರ್’ ಅನ್ನುವ ಅಂಗಡಿ ಬೇಡ. ಹೇಳಿದ ಅಂಕಿಗೆ ಕೂರಿಸುವವರನ್ನು ಹುಡುಕು. ಕ್ಯಾಂಬರ್, ಅಂದರೆ ಚಕ್ರ ವಾಲಿರುವ ಕೋನ, ಮುಂದೆ ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5ರ ಆಸುಪಾಸು. ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು, ಮುಂದೆ ಸೊನ್ನೆ, ಹಿಂದೆ ಚೂರೇ ಚೂರು ಒಳಮುಖ. ಬುಶ್ಶು, ಶಾಕು ಎಲ್ಲ ಮುಗಿದ ಮೇಲೇ ಇದನ್ನು ಮಾಡಿಸು, ಇಲ್ಲದಿದ್ದರೆ ಎರಡು ಸಲ ದುಡ್ಡು ಕಟ್ಟುತ್ತೀಯ.

ಓಡಿಸಿ ನೋಡುವ ಆಸೆಯನ್ನು ಫ್ರೀವೇ ಮೇಲೆ ತೀರಿಸಿಕೊಳ್ಳಬೇಡ. ಎಸ್‌ಸಿಸಿಎ ಅನ್ನುವ ಕಾರ್ ಕ್ಲಬ್ಬಿನವರು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕೋನ್ ಇಟ್ಟು ಆಟೊಕ್ರಾಸ್ ನಡೆಸುತ್ತಾರೆ. ಹೆಲ್ಮೆಟ್ ಹಾಕಿಕೊಂಡು ಹೋಗು. ಅಲ್ಲಿ ಒಂದು ಸೀಸನ್ ಓಡಿಸಿದ ಮೇಲೂ ಕಾಯಿಲ್‌ಓವರ್ ಬೇಕು ಅನ್ನಿಸಿದರೆ ನನಗೆ ಫೋನ್ ಮಾಡು, ಯಾವುದು ಅಂತ ಕೂತು ಮಾತಾಡೋಣ. ಸದ್ಯಕ್ಕೆ ನಾಲ್ಕೂ ಟೈರಿನ ಆ ಡಿಓಟಿ ಅಂಕಿಗಳ ಫೋಟೊ ಇವತ್ತೇ ಕಳಿಸು. ಸ್ಟೆಪ್ನಿಯದೂ ಸೇರಿಸು.